ಸಕ್ಕರೆಯ ಊರಿಗೆ ಎರಡು ಹೋಳು

ಕೊಟ್ಟೂರಿನಲ್ಲಿ ಯಾರಾದರೂ ತನ್ನ ಸಕ್ಕರೆ ಗೊಂಬೆಗಳನ್ನು ಹೊಗಳಿದರೆ ನಾಗಲಿಂಗಮ್ಮ ಒಡನೆ ಹಿಗ್ಗುತ್ತಿರಲಿಲ್ಲ. ಹೊಗಳಿದವರ ಬಾಯಿ ಪೂರ್ತಿ ಮುಚ್ಚುವವರೆಗೆ ಕಾಯುತ್ತಿದ್ದಳು. ಆ ಮಾತಿಗೊಂದು ಬಾಲ ಇದ್ದೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ‘ನಿಮ್ಮ ಗೊಂಬಿ ಹಾಲಿನಂಗ ಬೆಳ್ಳಗದಾವ ನೋಡ್ರಿ’ ಎನ್ನುವರು. ಎಂದು, ಚೀಲ ಎತ್ತಿಕೊಂಡು, ಹೊಸ್ತಿಲವರೆಗೆ ಹೋಗಿ, ‘ಬಣ್ಣದ್ದು ಬೇಕಂದ್ರ ಮಾತ್ರ ಪುಷ್ಪಲತಾ ಅವರ ಮನಿಗೇ ಹೋಗಬೇಕು’ ಎಂದು ಸೇರಿಸುವರು. ಹೊಗಳಿಕೆ ಹೊಸ್ತಿಲು ದಾಟುವುದರೊಳಗೆ ಕರಗಿಹೋಗುತ್ತಿತ್ತು. ಬಾಲ ಮಾತ್ರ ಅವಳ ಹೊಟ್ಟೆಯಲ್ಲಿ ವರ್ಷವಿಡೀ ಆಡುತ್ತಿತ್ತು.

ಪುಷ್ಪಲತಾ ಬೇರೆ ಯಾರೋ ಅಲ್ಲ, ಅವಳ ನೆಗೆಣ್ಣಿ. ಗಂಡ ಹಾಲಸ್ವಾಮಿಯ ತಮ್ಮ ಕೊಟ್ರಸ್ವಾಮಿಯ ಹೆಂಡತಿ. ಅಣ್ಣತಮ್ಮಂದಿರು ಹಳೆಯ ಮನೆಯ ನಡುವೆ ಗೋಡೆ ಎಬ್ಬಿಸಿ ಅದನ್ನು ಎರಡು ಮನೆ ಮಾಡಿಕೊಂಡಿದ್ದರು. ಗೋಡೆಯನ್ನು ಮಾಡಿನವರೆಗೆ ಏರಿಸಿರಲಿಲ್ಲ. ಹೀಗಾಗಿ ಒಗ್ಗರಣೆಯ ಘಾಟು, ಪಾತ್ರೆಯ ಸಪ್ಪಳ, ಮಕ್ಕಳ ಅಳು ಎಲ್ಲವೂ ಆಚೆಯಿಂದ ಈಚೆಗೆ ಧಾರಾಳವಾಗಿ ಬರುತ್ತಿದ್ದವು. ಮಾತು ಮಾತ್ರ ಬರುತ್ತಿರಲಿಲ್ಲ. ಅದನ್ನು ಹಬ್ಬಕ್ಕೆ, ಸಾವಿಗೆ ಎಂದು ತೆಗೆದಿಟ್ಟುಕೊಂಡಿದ್ದರು.

ಆ ಸೀಮೆಯಲ್ಲಿ ಗೌರಿ ಹುಣ್ಣಿಮೆ ಎಂದರೆ ಸಕ್ಕರೆ ಆರತಿ. ದೀಪಾವಳಿ ಕಳೆದ ಮೇಲೆ ಬರುವ ಆ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆಯ ಗಿಳಿ, ನವಿಲು, ಬಸವಣ್ಣ, ತುಳಸಿಕಟ್ಟೆಗಳನ್ನು ಹರಿವಾಣದಲ್ಲಿಟ್ಟು, ನಡುವೆ ದೀಪ ಹಚ್ಚಿಕೊಂಡು ಗೌರಿಗೆ ಬೆಳಗಲು ಹೋಗುತ್ತಾರೆ. ಮದುವೆ ಗೊತ್ತಾದ ಹುಡುಗಿ ಇದ್ದರೆ ಗಂಡಿನ ಕಡೆಯವರು ಸೀರೆಯ ಜೊತೆ ಗೊಂಬೆಗಳನ್ನೂ ತರಬೇಕು. ಗೊಂಬೆ ಸಣ್ಣದಾದರೆ ಬೀಗರ ಮನಸ್ಸೂ ಸಣ್ಣದು ಎಂದು ಓಣಿಯೇ ತೀರ್ಪು ಕೊಟ್ಟುಬಿಡುತ್ತದೆ. ಇಂಥ ತೀರ್ಪಿಗೆ ಹೆದರಿದವರು ಹಂಪಸಾಗರ, ಕಾನಹೊಸಹಳ್ಳಿಗಳಿಂದಲೂ ಬಂದು ಈ ಎರಡು ಮನೆಗಳಲ್ಲಿ ಗೊಂಬೆ ಮಾಡಿಕೊಡಲು ಹೇಳಿ ಹೋಗುತ್ತಿದ್ದರು.

ನಾಗಲಿಂಗಮ್ಮ ಮಾಗಳದ ಮಗಳು. ಹೊಳೆಯ ದಂಡೆಯಲ್ಲಿ ಬೆಳೆದವಳಿಗೆ ಕೊಟ್ಟೂರಿನ ನೀರಿನ ಕಷ್ಟ ಒಗ್ಗುವುದರೊಳಗೆ ಅತ್ತೆ ಕೊಟ್ರಬಸಮ್ಮ ಅವಳನ್ನು ಒಲೆಯ ಮುಂದೆ ಕೂರಿಸಿದ್ದಳು. ಆ ಕಾಲಕ್ಕೆ ಸಕ್ಕರೆ ಗೊಂಬೆಯಲ್ಲಿ ಕೊಟ್ರಬಸಮ್ಮನದು ಎತ್ತಿದ ಕೈ. ಹಿರಿಸೊಸೆಗೆ ಅವಳು ಪಾಕ ಕಲಿಸಿದಳು. ಸಕ್ಕರೆ ಕುದಿಯುವಾಗ ಹಾಲು ಬಿಟ್ಟು, ಮೇಲೆ ಬಂದ ಕೊಳೆಯನ್ನೆಲ್ಲ ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ, ಎಳೆ ಬಂದ ಹೊತ್ತಿಗೆ ಕಡಾಯಿಯ ಅಂಚಿಗೆ ಸೌಟಿನಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುವ ಕೆಲಸ ಅದು. ಕಣ್ಣು ಉರಿಯುತ್ತದೆ, ರಟ್ಟೆ ಬೀಳುತ್ತದೆ, ಮಾಡಿದವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಹರಪನಹಳ್ಳಿಯಿಂದ ಕಿರಿಸೊಸೆಯಾಗಿ ಪುಷ್ಪಲತಾ ಬಂದಳು. ಅವಳನ್ನು ಅತ್ತೆ ಪಡಸಾಲೆಯಲ್ಲಿ ಕೂರಿಸಿ ಅಚ್ಚು ಕಲಿಸಿದಳು. ನೀರಿನಲ್ಲಿ ನೆನೆಸಿದ ಮರದ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತುವುದು, ಪಾಕ ಎರೆಯುವುದು, ಹದ ನೋಡಿ ಬಿಚ್ಚುವುದು. ಅಚ್ಚು ಬಿಚ್ಚಿದಾಗ ಒಳಗಿಂದ ಗಿಳಿ ಬರುತ್ತದಲ್ಲ, ಆಗ ಸುತ್ತ ಕೂತವರೆಲ್ಲ ಅಬ್ಬಾ ಎನ್ನುವರು. ಆ ಅಬ್ಬಾ ಪೂರ್ತಿ ಬಿಚ್ಚಿದವಳಿಗೆ. ಕಾಯಿಸಿದವಳು ಒಳಗೆ ಕಡಾಯಿ ತೊಳೆಯುತ್ತಿರುತ್ತಾಳೆ.

ಒಂದು ಹುಣ್ಣಿಮೆಯ ದಿನ ಮನೆ ತುಂಬ ನೆಂಟರು. ಅತ್ತೆ ಎಲ್ಲರ ಮುಂದೆ ಒಂದು ನವಿಲನ್ನು ಎತ್ತಿ ಹಿಡಿದು, ‘ಕೈಗುಣ ಅಂದ್ರ ನಮ್ಮ ಸಣ್ಣಾಕಿದು’ ಎಂದಳು. ಪುಷ್ಪಲತಾ ಆಗ ಗೌರಿಗೆ ಬೆಳಗಲು ಹೋಗಿದ್ದಳು. ನೆಂಟರಿಗೆ ನೀರು ತರುತ್ತಿದ್ದ ನಾಗಲಿಂಗಮ್ಮ ಬಾಗಿಲಲ್ಲೇ ನಿಂತಳು. ಆಮೇಲೆ ಅತ್ತೆ ಸತ್ತಳು, ಅವಳ ತಿಥಿಗಳೂ ಒಂದಾದ ಮೇಲೊಂದು ಕಳೆದವು. ಆ ಮಾತಿಗೆ ಮಾತ್ರ ಯಾರೂ ತಿಥಿ ಮಾಡಲಿಲ್ಲ. ತನ್ನ ಕೈ ಪುಷ್ಪಲತಾಳ ಕೈಗಿಂತ ಮೇಲು ಎಂದು ಒಮ್ಮೆಯಾದರೂ, ಬಾಲವಿಲ್ಲದೆ, ನಾಲ್ಕು ಜನರ ಬಾಯಲ್ಲಿ ಕೇಳಿಯೇ ಸಾಯಬೇಕು ಎಂಬುದು ನಾಗಲಿಂಗಮ್ಮನ ಹಟವಾಯಿತು.

ಅತ್ತೆ ಸತ್ತ ವರ್ಷವೇ ಪಾಲು ಆಯಿತು. ಹಿರಿಯರಾದ ಪಾಲಾಕ್ಷಪ್ಪನವರು ಪಡಸಾಲೆಯಲ್ಲಿ ಕೂತು ಹಂಡೆ, ಕೊಳಗ, ಹೊರಸು ಎಲ್ಲವನ್ನೂ ಎರಡು ಮಾಡಿದರು. ಅಚ್ಚುಗಳ ಸರದಿ ಬಂದಾಗ ಗಿಳಿ ಇವಳಿಗೆ, ನವಿಲು ಅವಳಿಗೆ, ಬಸವಣ್ಣ ಇವಳಿಗೆ, ತುಳಸಿಕಟ್ಟೆ ಅವಳಿಗೆ ಎಂದು ಸಲೀಸಾಗಿ ಹೋಯಿತು. ಕೊನೆಗೆ ಉಳಿದದ್ದು ಅಂಬಾರಿ ಆನೆ. ಅತ್ತೆಯ ಅಚ್ಚುಗಳಲ್ಲೆಲ್ಲ ದೊಡ್ಡದು, ಮೊಳದುದ್ದದ್ದು, ಊರಿಗೊಂದೇ. ಅದು ಇಬ್ಬರಿಗೂ ಬೇಕು. ಅಣ್ಣತಮ್ಮಂದಿರು ಹೊಲದ ಬದುವಿಗೂ ಅಷ್ಟು ಜಗಳವಾಡಿರಲಿಲ್ಲ. ಪಾಲಾಕ್ಷಪ್ಪನವರಿಗೆ ಹಸಿವೆಯಾಗಿತ್ತು. ‘ಹೋಳು ಎರಡದಾವ, ಸೊಸ್ತೇರೂ ಇಬ್ರದೀರಿ. ಒಂದೊಂದು ತಗೊಂಡು ಏಳ್ರಿ’ ಎಂದು ಆನೆಯ ಎಡಮಗ್ಗುಲನ್ನು ಇವಳ ಮಡಿಲಿಗೆ, ಬಲಮಗ್ಗುಲನ್ನು ಅವಳ ಮಡಿಲಿಗೆ ಹಾಕಿ ಊಟಕ್ಕೆ ಎದ್ದರು. ಅಂದಿನಿಂದ ಕೊಟ್ಟೂರಿನವರು ಸಕ್ಕರೆಯ ಆನೆ ಕಾಣಲಿಲ್ಲ. ಒಂದು ಮಗ್ಗುಲು ಗೋಡೆಯ ಈಚೆ ಅಟ್ಟದ ಮೇಲೆ, ಇನ್ನೊಂದು ಗೋಡೆಯ ಆಚೆ ಅಟ್ಟದ ಮೇಲೆ ಮಲಗಿದವು. ಹುಳ ಬಿದ್ದಾಗ ಒಬ್ಬೊಬ್ಬಳೂ ತನ್ನ ಹೋಳನ್ನು ಮಾಗಳದ ಬಡಿಗೇರ ಮೌನೇಶಪ್ಪನ ಹತ್ತಿರ ಒಯ್ದು ಸರಿ ಮಾಡಿಸಿಕೊಂಡು ಬರುತ್ತಿದ್ದಳು. ಅವರ ಮನೆಯ ಅಚ್ಚುಗಳನ್ನೆಲ್ಲ ಕೆತ್ತಿದವನು ಅವನ ಅಪ್ಪ. ಉಪಯೋಗಕ್ಕಿಲ್ಲದ ಅರ್ಧ ಆನೆಗೆ ಅಷ್ಟು ಉಪಚಾರ ಯಾಕೆ ಎಂದು ಹಾಲಸ್ವಾಮಿ ಒಮ್ಮೆ ಕೇಳಿದ. ಅಂದು ಅವನಿಗೆ ಸಾರಿನಲ್ಲಿ ಉಪ್ಪು ಇರಲಿಲ್ಲ.

ಪಾಲಾದ ಮೇಲೆ ಇಬ್ಬರಿಗೂ ಪೂರ್ತಿ ಕೆಲಸ ತಲೆಗೆ ಬಂತು. ನಾಗಲಿಂಗಮ್ಮನ ಪಾಕ ಬೆಳ್ಳಗೇ ಇತ್ತು, ಆದರೆ ಬಿಚ್ಚುವಾಗ ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತಿತ್ತು. ದೊಡ್ಡ ಗೊಂಬೆಯಾದರೆ ನಡುವೆಯೇ ಸೀಳುತ್ತಿತ್ತು. ಪುಷ್ಪಲತಾಳ ಗೊಂಬೆಗಳಿಗೆ ಒಂದು ಬಿರುಕೂ ಇರುತ್ತಿರಲಿಲ್ಲ, ಆದರೆ ಪಾಕ ಹಳದಿಗಟ್ಟುತ್ತಿತ್ತು. ಅದನ್ನು ಮುಚ್ಚಲು ಅವಳು ಬಣ್ಣ ಹಾಕಿದಳು. ಗುಲಾಬಿ ನವಿಲು, ಹಸಿರು ಗಿಳಿ, ಕೇಸರಿ ಬಸವಣ್ಣ. ಜನ ಮುಗಿಬಿದ್ದರು. ಕೊಳೆ ತೆಗೆಯಲು ಬಾರದವಳು ಬಣ್ಣ ಬಳಿದಳು, ಊರು ಅದನ್ನೇ ಕಲೆ ಅಂದಿತು ಎಂದು ನಾಗಲಿಂಗಮ್ಮ ಒಲೆಯ ಮುಂದೆ ಕೂತು ಒಲೆಗಿಂತ ಹೆಚ್ಚು ಉರಿದಳು. ತಾನೂ ಒಂದು ವರ್ಷ ಗುಟ್ಟಾಗಿ ಬಣ್ಣ ಹಾಕಿ ನೋಡಿದಳು. ಬಸವಣ್ಣ ಮಚ್ಚೆ ಮಚ್ಚೆಯಾಗಿ ಚಿರತೆಯಂತೆ ಹೊರಬಂದ. ಅವನನ್ನು ಮನೆಯವರೇ ಚಹಾಕ್ಕೆ ಹಾಕಿಕೊಂಡು ಕುಡಿದು ಮುಗಿಸಿದರು.

ತೊಂಬತ್ತೇಳನೆಯ ಇಸವಿ ಇರಬೇಕು. ಪೇಟೆಯ ಬಟ್ಟೆ ಅಂಗಡಿಯವರು ಆ ವರ್ಷ ಗಿರಾಕಿಗಳಿಗೆಲ್ಲ ಒಂದು ಕ್ಯಾಲೆಂಡರ್ ಹಂಚಿದ್ದರು. ದೇವರ ಚಿತ್ರ ಇರಲಿಲ್ಲ, ಪರದೇಶದ ಒಂದು ಊರಿತ್ತು. ಮುಂದೆ ಹೊಳೆ, ಹೊಳೆಯ ದಂಡೆಗೆ ಹೆಗಲಿಗೆ ಹೆಗಲು ಕೊಟ್ಟು ನಿಂತ ಬಣ್ಣ ಬಣ್ಣದ ಮನೆಗಳು, ನಡುವೆ ಒಂದು ಗೋಪುರ. ಮನೆಗಳ ಬೆನ್ನಿಗೇ ಆಕಾಶದವರೆಗೆ ಎದ್ದ ಬಿಳಿ ಬೆಟ್ಟ. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಸುಕನ್ಯಾ ಕೆಳಗಿನ ಅಕ್ಷರ ಓದಿ, ಅದು ಇನ್ಸ್‌ಬ್ರುಕ್ ಎಂಬ ಊರು, ಆಲ್ಪ್ಸ್ ಬೆಟ್ಟದೊಳಗೆ ಇದೆ ಎಂದು ಹೇಳಿದಳು. ಅಲ್ಲಿ ಹಿಮದ ಮೇಲೆ ಜಾರುವ ಪಂದ್ಯಗಳು ನಡೆಯುತ್ತವಂತೆ, ಜಗತ್ತಿನವರೆಲ್ಲ ಬರುತ್ತಾರಂತೆ, ಕಣ್ಣು ರೆಪ್ಪೆ ಹೊಡೆಯುವಷ್ಟು ಮುಂದಾದವರನ್ನೂ ಗಡಿಯಾರ ಹಿಡಿದು ಗೆದ್ದವರೆಂದು ಸಾರುತ್ತಾರಂತೆ ಎಂದು ಅವರ ಮಾಸ್ತರು ಹೇಳಿದ್ದನ್ನೂ ಒಪ್ಪಿಸಿದಳು. ಜಾರುವುದಕ್ಕೂ ಬಹುಮಾನ ಕೊಡುವ ಊರು ಇದೆಯೆಂದು ನಾಗಲಿಂಗಮ್ಮನಿಗೆ ಮೊದಲು ನಗು ಬಂತು. ಆಮೇಲೆ ಆ ಗಡಿಯಾರ ಮನಸ್ಸಿನಲ್ಲಿ ಕೂತಿತು. ಎಷ್ಟು ಸುಖಿಗಳು ಅವರು. ಇಂಥವಳು ಮುಂದೆ, ಇಂಥವಳು ಹಿಂದೆ ಎಂದು ಹೇಳಿ ಮುಗಿಸುತ್ತಾರೆ. ಎರಡು ಅಡುಗೆಮನೆಗಳ ನಡುವಿನ ಪಂದ್ಯಕ್ಕೆ ಗಡಿಯಾರ ಹಿಡಿದು ನಿಲ್ಲುವವರು ಯಾರು?

ಬೆಟ್ಟವನ್ನು ನೋಡಿದಾಗೆಲ್ಲ ಅವಳಿಗೆ ಅನಿಸುತ್ತಿದ್ದದ್ದು ಒಂದೇ. ಇದು ಸಕ್ಕರೆ. ಯಾರೋ ಕೊಳೆ ತೆಗೆದು, ಸೋಸಿ, ಮನಸ್ಸಿಟ್ಟು ತಿಕ್ಕಿದ್ದಾರೆ. ಆ ಬಿಳುಪಿನ ಮೇಲೂ ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತಿತ್ತು.

ದಸರೆ ಮುಗಿಯುತ್ತಲೇ ಊರಿನ ಮಹಿಳಾ ಮಂಡಳದವರು ಈ ಸಲ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಸ್ಪರ್ಧೆ ಎಂದು ಸಾರಿದರು. ಕೂಡ್ಲಿಗಿಯಿಂದ ಶಾಂತಕುಮಾರಿ ಟೀಚರು ತೀರ್ಪಿಗೆ ಬರುತ್ತಾರೆ, ಗೆದ್ದವಳಿಗೆ ಬೆಳ್ಳಿಯ ಕುಂಕುಮ ಭರಣಿ. ಭರಣಿಯ ಮಾತು ನಾಗಲಿಂಗಮ್ಮನ ಕಿವಿಗೆ ಬೀಳಲಿಲ್ಲ. ಹೊರ ಊರಿನವಳು, ನೆಂಟಸ್ತಿಕೆ ಇಲ್ಲದವಳು, ಅತ್ತೆಯ ಮಾತು ಕೇಳಿರದವಳು ಬಂದು ತೀರ್ಪು ಕೊಡುತ್ತಾಳೆ ಎಂಬುದಷ್ಟೇ ಬಿದ್ದಿತು. ಕೊನೆಗೂ ಗಡಿಯಾರ ಹಿಡಿಯುವವರು ಬಂದರು. ಆ ವಾರವೇ ಕ್ಯಾಲೆಂಡರ್ ಸುತ್ತಿಕೊಂಡು ಹಡಗಲಿಯ ಬಸ್ಸು ಹತ್ತಿ ಮಾಗಳಕ್ಕೆ ಹೋದಳು. ತವರಿನಲ್ಲಿ ನೀರು ಕುಡಿದವಳೇ ಮೌನೇಶಪ್ಪನ ಕೊಟ್ಟಿಗೆಗೆ ನಡೆದು, ಈ ಊರನ್ನು ಅಚ್ಚು ಮಾಡಿಕೊಡು, ಯಾರಿಗೂ ಹೇಳಬೇಡ ಎಂದಳು. ಮೌನೇಶಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿ, ಹುಣ್ಣಿಮೆಗೆ ಮೂರು ದಿನ ಮೊದಲು ತಾನೇ ತಂದುಕೊಡುತ್ತೇನೆ ಎಂದ. ಹೆಸರಿಗೆ ತಕ್ಕ ಮನುಷ್ಯ, ಹೆಚ್ಚು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಂದಿನಿಂದ ಅವಳಿಗೆ ಗೋಡೆಯ ಆಚೆಯದೇ ಧ್ಯಾನ. ಪುಷ್ಪಲತಾ ಏನು ಮಾಡುತ್ತಾಳೆ? ಏಲಕ್ಕಿ ಘಮ ಬಂದರೆ ಏನೋ ನಡೆದಿದೆ ಎಂದು ಉರಿಯುವಳು. ಏನೂ ಬರದಿದ್ದರೆ ಗುಟ್ಟಾಗಿ ನಡೆದಿದೆ ಎಂದು ಇನ್ನೂ ಉರಿಯುವಳು. ಒಮ್ಮೆ ಪುಷ್ಪಲತಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಂದಳೆಂದು ಗೊತ್ತಾಯಿತು. ಹರಪನಹಳ್ಳಿಗೆ, ತವರಿಗೆ, ಬಣ್ಣ ತರಲು ಹೋಗಿರಬೇಕು ಎಂದು ನಾಗಲಿಂಗಮ್ಮ ತಾನೇ ಹೇಳಿಕೊಂಡಳು.

ಮೌನೇಶಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಅವಳ ಕೈಗಿಟ್ಟು, ಚಹಾ ಕುಡಿದು, ಹೊರಟ. ಬಾಗಿಲು ಹಾಕಿಕೊಂಡು ಗಂಟು ಬಿಚ್ಚಿದರೆ ಒಳಗೆ ತೇಗದ ಒಂದೇ ಹೋಳು. ಅದರಲ್ಲಿ ಊರು ಇತ್ತು. ಹೊಳೆ, ಒಂದೊಂದು ಕಿಟಕಿಯೂ ಎಣಿಸುವ ಹಾಗೆ ಮನೆಗಳು, ಗೋಪುರ. ಬೆಟ್ಟ ಎಲ್ಲಿ? ಬಟ್ಟೆ ಕೊಡವಿದಳು. ಮರೆತು ಚೀಲದಲ್ಲೇ ಇಟ್ಟುಕೊಂಡು ಹೋದನೆಂದು ಹೋಳನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗೆ ಓಡಿ ಬಂದಳು. ಮೌನೇಶಪ್ಪ ದೂರ ಹೋಗಿರಲಿಲ್ಲ. ಪಕ್ಕದ ಬಾಗಿಲಲ್ಲೇ ಕೂತು ಎರಡನೆಯ ಚಹಾ ಕುಡಿಯುತ್ತಿದ್ದ. ಅವನ ಎದುರು ಪುಷ್ಪಲತಾ ನಿಂತಿದ್ದಳು, ಕೈಯಲ್ಲಿ ಬೆಟ್ಟ ಹಿಡಿದುಕೊಂಡು.

ಅದೇ ಕ್ಯಾಲೆಂಡರ್ ಅವಳ ಗೋಡೆಯ ಮೇಲೂ ವರ್ಷವಿಡೀ ತೂಗಿತ್ತು. ಅವಳೂ ಅದೇ ಸ್ಪರ್ಧೆಗೆ, ಅದೇ ಬಸ್ಸು ಹತ್ತಿ, ಅದೇ ಬಡಿಗೇರನ ಹತ್ತಿರ ಹೋಗಿದ್ದಳು. ಇಬ್ಬರೂ ಒಟ್ಟಿಗೆ ಮೌನೇಶಪ್ಪನ ಮೇಲೆ ಬಿದ್ದರು. ಪಾಲಾದ ಮೇಲೆ ಅವರಿಬ್ಬರೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅಂದೇ ಮೊದಲು. ಅವನು ಬಟ್ಟಲು ಕೆಳಗಿಟ್ಟು ಒಬ್ಬರಾದ ಮೇಲೊಬ್ಬರನ್ನು ನೋಡಿದ.

‘ನಿಮ್ಮ ಮನೆತನದ ಪದ್ಧತಿ ಹಂಗ ಅಲ್ಲೇನ್ರಿ?’ ಎಂದ. ‘ಆನಿ ಅಚ್ಚಿನ ಒಂದು ಹೋಳು ನೀವು ತರತಿದ್ರಿ, ಇನ್ನೊಂದು ಇವರು ತರತಿದ್ರು. ನೆಗೆಣ್ಣೇರು ಅಗಲಬಾರದು ಅಂತ ಹಿರೇರು ಹಂಗ ಮಾಡ್ಯಾರ ಅಂತ ನಮ್ಮ ಮನ್ಯಾಗ ಹೆಣ್ಮಕ್ಕಳಿಗೂ ಹೇಳೀನಿ ನಾನು. ಈಗ ಇಬ್ರೂ ಬಂದು ಒಂದಾ ಊರು ತೋರಿಸಿದ್ರಿ. ಒಂದು ಊರಿಗೆ ಎರಡು ಅಚ್ಚು ಯಾಕ್ ಕೆತ್ಲಿ?’

ಮತ್ತೆ ಹೇಳಲಿಲ್ಲ ಯಾಕೆ ಎಂದು ಕೇಳಿದರೆ, ಇಬ್ಬರೂ ಯಾರಿಗೂ ಹೇಳಬೇಡ ಅಂದಿದ್ದಿರಿ, ಅದಕ್ಕೆ ಇಬ್ಬರಿಗೂ ಹೇಳಲಿಲ್ಲ ಎಂದ. ಇನ್ನೊಂದು ಜೊತೆ ಕೆತ್ತಲು ತಿಂಗಳು ಬೇಕು, ಹುಣ್ಣಿಮೆಗೆ ಮೂರು ದಿನ ಇದೆ. ಮೌನೇಶಪ್ಪ ಬಸ್ಸಿಗೆ ಹೋದ. ಇವರಿಬ್ಬರೂ ತಮ್ಮ ತಮ್ಮ ಹೋಳು ಹಿಡಿದು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು.

ಹಟ ಎಂದರೆ ಹಟ. ನಾಗಲಿಂಗಮ್ಮ ಬೆಟ್ಟ ಇಲ್ಲದಿದ್ದರೆ ಬೇಡ, ಊರೊಂದೇ ಸಾಕು ಎಂದು ಹೋಳಿಗೆ ಒಂದು ಹಲಗೆ ಕಟ್ಟಿ ಎರೆದಳು. ಊರು ಬಿಲ್ಲೆಯ ಹಾಗೆ ಚಪ್ಪಟೆಯಾಗಿ ಬಂತು. ಬೆನ್ನಿಗೆ ಆಸರೆ ಇಲ್ಲದೆ ಹರಿವಾಣದಲ್ಲಿ ಮುಖ ಅಡಿಯಾಗಿ ಬಿತ್ತು. ಮತ್ತೆ ಎರೆದಳು, ಗೋಪುರ ಮುರಿಯಿತು. ಗೋಡೆಯ ಆಚೆಯಿಂದಲೂ ಏನೋ ಬಿದ್ದು ಒಡೆದ ಸಪ್ಪಳ ಬಂತು. ಅದನ್ನು ಕೇಳಿ ನಾಗಲಿಂಗಮ್ಮನಿಗೆ ಆದ ಸಂತೋಷವನ್ನು ಮುಚ್ಚಿಡುವುದು ಬೇಡ. ಆ ಎರಡು ದಿನಗಳಲ್ಲಿ ಅವಳಿಗಿದ್ದ ಸುಖ ಅದೊಂದೇ.

ಹುಣ್ಣಿಮೆಯ ಬೆಳಗ್ಗೆ ಅವಳಿಗೆ ಅರ್ಥವಾಯಿತು. ಹೋಗಿ ಬೆಟ್ಟ ಕೇಳದೆ ಗತಿಯಿಲ್ಲ. ಕೇಳಿದರೆ ಸೋತ ಹಾಗೆ. ಆದರೆ ಸ್ಪರ್ಧೆಗೆ ಏನೂ ಇಡದೆ ಸೋಲುವುದಕ್ಕಿಂತ ಕೇಳಿ ಸೋಲುವುದು ವಾಸಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಸೆರಗು ಸಿಕ್ಕಿಸಿ ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ ಪುಷ್ಪಲತಾ ನಿಂತಿದ್ದಳು. ಕಂಕುಳಲ್ಲಿ ಬೆಟ್ಟ, ಕೈಯಲ್ಲಿ ಬಣ್ಣದ ಡಬ್ಬಿಗಳು.

‘ಪಾಕ ನೀನು ಕಾಯ್ಸಕ್ಕ. ನನ್ನ ಕೈಲಿ ಈ ಬಿಳುಪು ಆಗಲ್ಲ’ ಎಂದಳು.

ಇಷ್ಟು ವರ್ಷ ಕೇಳಬೇಕೆಂದು ಕಾದ ಮಾತು ಅದು. ಆದರೂ ನಾಗಲಿಂಗಮ್ಮನಿಗೆ ಅದು ಹಿಡಿಸಲಿಲ್ಲ. ತಾನು ಬಾಗಿಲು ತೆಗೆದದ್ದೂ ಹೋಗುವುದಕ್ಕೇ. ಒಂದು ಗಳಿಗೆ ಮುಂಚೆ ಎದ್ದಿದ್ದರೆ ಈ ದೊಡ್ಡತನ ತನ್ನದಾಗುತ್ತಿತ್ತು. ಸೋಲೊಪ್ಪಿಕೊಳ್ಳುವುದರಲ್ಲೂ ಇವಳೇ ಮುಂದೆ ಬಂದಳಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು.

ಒಲೆ ಹೊತ್ತಿತು. ನಾಗಲಿಂಗಮ್ಮ ತಿಕ್ಕಿದಳು, ಪುಷ್ಪಲತಾ ಎರೆದಳು. ಊರಿನ ಹೋಳನ್ನು ಮಲಗಿಸಿ ಒಂದೊಂದು ಮನೆಯ ಕುಳಿಗೂ ಒಂದೊಂದು ಬಣ್ಣದ ಪಾಕವನ್ನು ಚಮಚದಲ್ಲಿ ತೊಟ್ಟಿಕ್ಕಿಸಿದಳು. ಒಂದರ ಬಣ್ಣ ಇನ್ನೊಂದಕ್ಕೆ ಕಲೆಯದ ಹಾಗೆ ಉಸಿರು ಹಿಡಿದು ಕಾದಳು. ಆಮೇಲೆ ಬೆಟ್ಟವನ್ನು ಮೇಲೆ ಮುಚ್ಚಿ, ದಾರ ಸುತ್ತಿ, ನಿಲ್ಲಿಸಿ, ಬಿಳಿ ಪಾಕ ತುಂಬಿದಳು. ಸ್ವಲ್ಪ ಹೊತ್ತಿಗೆ ಅಚ್ಚನ್ನು ತಲೆಕೆಳಗು ಮಾಡಿ ನಡುವಿನ ಹಸಿ ಪಾಕವನ್ನು ಕಡಾಯಿಗೆ ಸುರಿದುಬಿಟ್ಟಳು. ದೊಡ್ಡ ಗೊಂಬೆ ಒಳಗೆ ಪೊಳ್ಳಾಗಿರಬೇಕು, ಗಟ್ಟಿ ಎರೆದರೆ ಸೀಳುತ್ತದೆ ಎಂದಳು. ಇದನ್ನು ಅತ್ತೆ ತನಗೆ ಹೇಳಿಕೊಟ್ಟಿರಲಿಲ್ಲ ಎಂದು ನಾಗಲಿಂಗಮ್ಮ ಕಡಾಯಿಯನ್ನೇ ನೋಡುತ್ತ ಕೂತಳು.

ಆರುವವರೆಗೆ ಕೂರಲೇಬೇಕು. ಆಗ ಪುಷ್ಪಲತಾ ಯಾವುದೋ ಹಳೆಯ ಮಾತು ತೆಗೆದಳು. ‘ಅತ್ತಿ ನನಗೆ ದಿನಾ ಒಂದೇ ಮಾತು ಹೇಳ್ತಿದ್ರು, ಅಕ್ಕ. ಪಾಕ ಅಂದ್ರೆ ನಾಗಿದು, ನೀನು ಏಳು ಜನ್ಮ ಎತ್ತಿದ್ರೂ ನಿನಗೆ ಬರಲ್ಲ ಅಂತ. ಎಷ್ಟು ಸಲ ಅತ್ತೀನಿ ಗೊತ್ತಾ ನಾನು? ನಿನ್ನ ಕಂಡ್ರೆ ಆಗ್ತಿರ್ಲಿಲ್ಲ ನನಗೆ.’

ನಾಗಲಿಂಗಮ್ಮನಿಗೆ ಒಂದು ಕ್ಷಣ ಹಿತವೆನಿಸಿತು. ಮರುಕ್ಷಣ ಹಳೆಯ ಉರಿ ಇನ್ನೊಂದು ದಾರಿಯಿಂದ ಬಂತು. ಹಾಗಾದರೆ ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಮುಂದೆ ಒಂದು ದಿನ ಹೇಳಲಿಲ್ಲ. ತನ್ನ ಪಾಲಿನ ಹೊಗಳಿಕೆಯನ್ನೂ ಇವಳ ಕಿವಿಗೇ ಹಾಕಿ ಹೋದಳು. ಆನೆಯ ಬಲಮಗ್ಗುಲಿನ ಹಾಗೆ ಅದು ಇಷ್ಟು ವರ್ಷ ಇವಳ ಮನೆಯಲ್ಲೇ ಇತ್ತು. ಅತ್ತೆ ನೆಂಟರ ಮುಂದೆ ನಿನ್ನ ಕೈಗುಣ ಹೊಗಳಿದ್ದಳು ಎಂದು ತಾನೂ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಲಿಲ್ಲ. ಅಚ್ಚು ಆರಿತೇನೋ ನೋಡು ಎಂದಳು.

ಪುಷ್ಪಲತಾ ದಾರ ಬಿಚ್ಚಿದಳು. ಹೋಳುಗಳನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ತಟ್ಟಿ, ನೀರು ಚಿಮುಕಿಸಿ, ಮೆಲ್ಲಗೆ ಎತ್ತಿದಳು. ಗುಲಾಬಿ, ಹಳದಿ, ಹಸಿರು ಮನೆಗಳು ಹೊಳೆಯ ದಂಡೆಗೆ ನಿಂತಿದ್ದವು, ಬೆನ್ನಿಗೆ ಅಚ್ಚ ಬಿಳಿಯ ಬೆಟ್ಟ. ಬಾಗಿಲಲ್ಲಿ ನಿಂತಿದ್ದ ಸುಕನ್ಯಾ ಅಬ್ಬಾ ಎಂದಳು. ಅಭ್ಯಾಸ ಬಲದಿಂದ ನಾಗಲಿಂಗಮ್ಮ ಕಡಾಯಿ ತೊಳೆಯಲು ಎದ್ದಳು.

ಸಂಜೆ ಮಂಡಳದ ಅಂಗಳದಲ್ಲಿ ಹರಿವಾಣಗಳು ಸಾಲಾಗಿ ಕೂತಿದ್ದವು. ಎಲ್ಲರ ಗಿಳಿ ನವಿಲುಗಳ ನಡುವೆ ಸುಕನ್ಯಾ ಹೊತ್ತು ತಂದ ಊರಿನ ಮುಂದೆ ಜನ ಸರಿಯಲೊಲ್ಲರು. ಹೊಳೆಯ ಮುಂದಿಟ್ಟ ದೀಪದ ಬೆಳಕಿಗೆ ಪೊಳ್ಳು ಬೆಟ್ಟ ಒಳಗಿನಿಂದಲೇ ಹೊಳೆಯುತ್ತಿತ್ತು. ಶಾಂತಕುಮಾರಿ ಟೀಚರು ಕನ್ನಡಕ ಏರಿಸಿ, ಸುತ್ತ ತಿರುಗಿ ನೋಡಿ, ಇದು ಯಾರ ಕೈಕೆಲಸ ಎಂದು ಕೇಳಿದರು. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದರು. ಹೀಗೆ ಕೇಳಿದರೆ ಏನು ಹೇಳಬೇಕೆಂದು ಬೆಳಗಿನಿಂದ ಇಬ್ಬರೂ ಮಾತಾಡಿಕೊಂಡಿರಲಿಲ್ಲ. ನಾಗಲಿಂಗಮ್ಮನಿಗೆ ಬಾಗಿಲು, ನೀರಿನ ತಂಬಿಗೆ, ಎತ್ತಿ ಹಿಡಿದ ನವಿಲು ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

‘ನಾನ ಮಾಡಿದ್ದು ರೀ’ ಎಂದಳು.

ಗುಂಪಿನಲ್ಲಿ ಯಾರೋ ಬಣ್ಣ ನೋಡಿದರೆ ಪುಷ್ಪಲತಾಳ ಕೈ ಇದ್ದ ಹಾಗಿದೆಯಲ್ಲ ಎಂದರು. ಬಾಲ ಅಲ್ಲಿಗೂ ಬಂತು. ಟೀಚರು ಪುಷ್ಪಲತಾಳ ಕಡೆ ತಿರುಗಿ, ಹೌದೇನಮ್ಮ ಎಂದು ಕೇಳಿದರು. ನಾಗಲಿಂಗಮ್ಮ ನೆಲ ನೋಡಿದಳು. ಸುಳ್ಳು ಇನ್ನೇನು ಬಯಲಾಗುತ್ತದೆ, ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ, ಹೋಗಲಿ ಎಂದುಕೊಂಡಳು.

‘ಇಲ್ರಿ. ನಾನು ಅಚ್ಚು ಹಿಡ್ಕೊಂಡಿದ್ದೆ ಅಷ್ಟೇ’ ಎಂದಳು ಪುಷ್ಪಲತಾ. ‘ಊರು ನಮ್ಮಕ್ಕಂದು.’

ಕುಂಕುಮ ಭರಣಿ ನಾಗಲಿಂಗಮ್ಮನ ಕೈಗೆ ಬಂತು. ಕೈಗುಣ ಅಂದರೆ ಇದು ಎಂದು ಟೀಚರು ಎಲ್ಲರಿಗೂ ಕೇಳುವಂತೆ ಹೇಳಿದರು. ಚಪ್ಪಾಳೆ ಬಿತ್ತು. ನಾಗಲಿಂಗಮ್ಮ ಅಭ್ಯಾಸದಂತೆ ಮುಂದಿನ ಮಾತಿಗೆ ಕಾದಳು. ಮುಂದೆ ಮಾತಿರಲಿಲ್ಲ. ಅವಳು ಬಯಸಿದ್ದು ಬಯಸಿದ ಹಾಗೆಯೇ ಸಿಕ್ಕಿತ್ತು. ಆದರೆ ಹೊಟ್ಟೆಯ ಉರಿ ಆರುವ ಬದಲು ಕಣ್ಣಿನವರೆಗೆ ಏರಿತು. ಟೀಚರು ನೋಡಿದ ಪಂದ್ಯದಲ್ಲಿ ತಾನು ಗೆದ್ದಿದ್ದಳು. ಆ ಬೆಳಗಿನಿಂದ ಇನ್ನೊಂದು ಪಂದ್ಯ ನಡೆದಿತ್ತು, ಅದಕ್ಕೆ ಗಡಿಯಾರ ಹಿಡಿದವರು ಯಾರೂ ಇರಲಿಲ್ಲ, ಅದರಲ್ಲಿ ಪುಷ್ಪಲತಾ ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿಬಿಟ್ಟಿದ್ದಳು. ಅವಳ ನವಿಲಿನ ಮೇಲೆ, ಬಣ್ಣದ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಸೇರಿದರೂ ಆ ‘ಇಲ್ರಿ’ ಎಂಬ ಮಾತಿನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿಗೆ ಸಮ ಬರುತ್ತಿರಲಿಲ್ಲ.

ಬೆಳಗಿದ ಗೊಂಬೆಯನ್ನು ಒಡೆದು ಹಂಚುವುದು ಪದ್ಧತಿ. ಮರುದಿನ ಹಾಲಸ್ವಾಮಿ ನೋಡುತ್ತಲೇ ಇದ್ದ, ಹೆಂಡತಿ ಆ ಊರನ್ನು ಒಡೆಯಲಿಲ್ಲ. ಗೆದ್ದವಳು ನಗುತ್ತಲೂ ಇಲ್ಲ ಎಂದು ಅವನಿಗೆ ವಿಚಿತ್ರವೆನಿಸಿತು. ಈ ಸಲ ಅವನು ಏನೂ ಕೇಳಲಿಲ್ಲ, ಉಪ್ಪಿನ ನೆನಪಿತ್ತು.

ಮಧ್ಯಾಹ್ನ ಕಾನಹೊಸಹಳ್ಳಿಯ ಭರಮಮ್ಮ ಎಂಬ ಗಿರಾಕಿ, ಬೀಗರಿಗೆ ಗೊಂಬೆ ಒಯ್ಯಲು ತೆಗೆದುಕೊಂಡು ಹೋಗಿದ್ದ ಹರಿವಾಣ ವಾಪಸು ಕೊಡಲು ಬಂದಳು. ಗೂಡಿನಲ್ಲಿದ್ದ ಊರು ನೋಡಿ ಕೆನ್ನೆಗೆ ಕೈಯಿಟ್ಟುಕೊಂಡಳು. ಇಂಥ ಕೈ ಈ ಸೀಮೆಯಲ್ಲೇ ಇಲ್ಲ ಬಿಡ್ರಿ ಎಂದಳು. ನಾಗಲಿಂಗಮ್ಮ ಕಾದಳು. ಭರಮಮ್ಮ ಚೀಲ ಎತ್ತಿಕೊಂಡಳು. ಹೊಸ್ತಿಲವರೆಗೆ ಹೋದಳು. ಒಂದು ಕಾಲು ಹೊರಗಿಟ್ಟಳು. ಏನೂ ಸೇರಿಸಲಿಲ್ಲ.

‘ಭರಮಮ್ಮ, ನಿಂದರ್ರಿ’ ಎಂದಳು ನಾಗಲಿಂಗಮ್ಮ. ಆಮೇಲೆ, ಮಾಡಿನವರೆಗೆ ಏರಿಸದ ಆ ಗೋಡೆಯ ಕಡೆ ಮುಖ ಮಾಡಿ, ಬೇಕಾದ್ದಕ್ಕಿಂತ ಒಂದಿಷ್ಟು ಗಟ್ಟಿಯಾಗಿಯೇ ಹೇಳಿದಳು: ‘ಸಕ್ಕರಿ ಅಷ್ಟ ನಂದು. ಬಣ್ಣ ಪುಷ್ಪಾಂದು, ಅಚ್ಚು ಬಿಚ್ಚಿದಾಕಿನೂ ಅಕಿನ. ಕೈಗುಣ ಅಂದ್ರ ಅಕಿದು ಅಂತ ನಮ್ಮತ್ತಿ ಹೇಳತಿದ್ಲು. ನೆಂಟರೆಲ್ಲಾರ ಮುಂದ ಹೇಳ್ಯಾಳ.’

ಗೋಡೆಯ ಆಚೆ ಪಾತ್ರೆ ತೊಳೆಯುವ ಸಪ್ಪಳ ನಿಂತಿತು. ಭರಮಮ್ಮ ಏನೂ ತಿಳಿಯದೆ ಹೂಂ ಎಂದು ಹೊರಟುಹೋದಳು. ನಾಗಲಿಂಗಮ್ಮ ಏಣಿ ಹಾಕಿಕೊಂಡು ಅಟ್ಟ ಹತ್ತಿ, ಧೂಳು ಹಿಡಿದು ಮಲಗಿದ್ದ ಆನೆಯ ಎಡಮಗ್ಗುಲನ್ನು ಇಳಿಸಿ, ಸೆರಗಿನಿಂದ ಒರೆಸಿದಳು. ಈ ಸಲ ಪುಷ್ಪಲತಾ ಬಾಗಿಲಿಗೆ ಬರುವುದರೊಳಗೆ ತಾನು ಹೋಗಬೇಕಿತ್ತು. ಚಪ್ಪಲಿ ಮೆಟ್ಟಲು ಸಹ ನಿಲ್ಲಲಿಲ್ಲ.